ಮಿಣುಕುವ ಇಂಜಿನ್ ದೀಪ ಮತ್ತು ರಾಜಮ್ಮನವರ ಕಾಲ್ಗುಣ

ನನ್ನ ತಂಗಿಯ ಮಗಳು ಸೌಜನ್ಯ ಹುಬ್ಬಳ್ಳಿಯ ಒಂದು ಕಾರ್ ಸರ್ವೀಸ್ ಸೆಂಟರಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿದ್ದಾಳೆ. ಫೋನು ಮಾಡಿ, "ಮಾಮಾ, ನೀ ಅಮೆರಿಕಾದಾಗ ಇಪ್ಪತ್ತೆಂಟು ವರ್ಷ ಗಾಡಿ ಬಿಚ್ಚೀದಿ. ಏನ್ ಕಲ್ತಿ ಅಂತ ಬರದು ಕಳಸು" ಅಂದಳು. ಕಲಿತದ್ದನ್ನು ಬರೆಯಲು ಒಂದು ಪೋಸ್ಟ್ ಕಾರ್ಡ್ ಸಾಕು. ಹತ್ತನೇ ನಂಬರಿನ ಸ್ಪ್ಯಾನರು ಯಾವ ದೇಶದಲ್ಲಾದರೂ ಕಳೆದುಹೋಗುತ್ತದೆ, ಎರಡು ಇಟ್ಟುಕೊಂಡಿರಬೇಕು. ಉಳಿದದ್ದೆಲ್ಲ ನಾನು ಮಾಡಿದ ತಪ್ಪುಗಳು. ಅವಕ್ಕೆ ಕಾಗದ ಹೆಚ್ಚು ಬೇಕು.

ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಗ್ಯಾರೇಜೊಂದರಲ್ಲಿ ಕಾರ್ಬುರೇಟರ್ ತೊಳೆಯುತ್ತಿದ್ದವನು. ನನ್ನ ಹೆಂಡತಿ ಶಾಂತಾಗೆ ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳು ಮುಂದೆ, ಎರಡು ಸೂಟ್‌ಕೇಸ್ ಹಿಡಿದು ನಾನು ಹಿಂದೆ. ಇಲ್ಲಿಯ ಕನ್ನಡದವರೆಲ್ಲ ಡಾಕ್ಟರುಗಳು, ಇಂಜಿನಿಯರುಗಳು. ನಾನೂ ಇಂಜಿನಿನವನೇ, ಆದರೆ ಉಗುರಿನ ಸಂದಿಯಲ್ಲಿ ಗ್ರೀಸು. ಮೊದಮೊದಲು ಯಾರದಾದರೂ ಮನೆಯ ಹುಟ್ಟುಹಬ್ಬಕ್ಕೆ ಹೋದರೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಯಾವ ಕಂಪನಿ ನಿಮ್ದು?"

"ಸಣ್ಣ ಕಂಪನಿರಿ. ಮೂರೇ ಮಂದಿ."

"ಓ, ಸ್ಟಾರ್ಟಪ್ಪಾ?"

"ಹೌದ್ರಿ. ಸ್ಟಾರ್ಟ್ ಆಗದ್ದನ್ನ ಸ್ಟಾರ್ಟ್ ಮಾಡೂದು."

ವಿಷಯ ತಿಳಿದ ಮೇಲೆ ಹತ್ತು ನಿಮಿಷ ಮೌನ. ಹನ್ನೊಂದನೇ ನಿಮಿಷಕ್ಕೆ ಒಬ್ಬರು ಹತ್ತಿರ ಬಂದು, "ಒಂದ್ನಿಮಿಷ ಪಾರ್ಕಿಂಗಿಗೆ ಬರ್ತೀರಾ? ಬ್ರೇಕು ಕುಂಯ್ ಅನ್ನತ್ತೆ" ಅನ್ನುತ್ತಿದ್ದರು. ಎಷ್ಟೋ ಹುಟ್ಟುಹಬ್ಬಗಳಲ್ಲಿ ನಾನು ಕೇಕು ತಿಂದದ್ದು ಬಾನೆಟ್ಟಿನ ಮೇಲೆ ತಟ್ಟೆ ಇಟ್ಟುಕೊಂಡು.

ನಮ್ಮ ಗ್ಯಾರೇಜಿನ ಮಾಲೀಕ ಮ್ಯಾನಿ. ಅವನ ಅಜ್ಜ ಪೋರ್ಚುಗಲ್ಲಿನಿಂದ ಬಂದವನಂತೆ. ಗುರುಸಿದ್ಧಪ್ಪ ಎಂಬ ನನ್ನ ಹೆಸರನ್ನು ಹೇಳಲು ಮೂರು ಸಲ ಪ್ರಯತ್ನಿಸಿ, ನಾಲ್ಕನೆಯದಕ್ಕೆ ನನ್ನ ಅಂಗಿಯ ಜೇಬಿನ ಮೇಲೆ 'ಗುರು' ಎಂದಷ್ಟೇ ಹೊಲಿಸಿದ. ಅದರಿಂದ ಆದ ಫಜೀತಿ ಒಂದೆರಡಲ್ಲ. ಗಿರಾಕಿಗಳು ಬೀಗದ ಕೈ ಕೊಟ್ಟು ಎರಡೂ ಕೈ ಮುಗಿಯುತ್ತಿದ್ದರು. ಒಬ್ಬಳು ಮುದುಕಿ ಆಯಿಲ್ ಬದಲಾಯಿಸಿಕೊಳ್ಳಲು ಬಂದು, ತನಗೆ ಸಿಟ್ಟು ಬಹಳ, ಏನು ಮಾಡಲಿ ಎಂದು ಕೇಳಿದಳು. ನಾನು ಕಾರಿನಡಿಯಿಂದಲೇ, "ಮೊದಲು ಟೈರಿಗೆ ಗಾಳಿ ಹಾಕಿಸು" ಅಂದೆ. ಅದಕ್ಕೆ ಏನು ಅರ್ಥ ಮಾಡಿಕೊಂಡಳೋ, ಮುಂದಿನ ಸಲ ಬಂದಾಗ ಬಹಳ ಉಪಕಾರವಾಯಿತು ಎಂದಳು.

ಈಗ ವಿಷಯಕ್ಕೆ ಬರುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪವೊಂದಿದೆ. ಅದು ಸುಮ್ಮನೆ ಉರಿಯುತ್ತಿದ್ದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ತೋರಿಸಿದರಾಯಿತು. ಆದರೆ ಮಿಣುಕಿದರೆ, ಅಂದರೆ ಹತ್ತಿ ಆರಿ ಹತ್ತಿ ಆರಿ ಮಾಡಿದರೆ, ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದರ್ಥ. ಯಾವುದೋ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಸಿಹಸಿಯಾಗಿ ಸೈಲೆನ್ಸರಿನ ಕಡೆ ಹೋಗುತ್ತದೆ. ದಾರಿಯಲ್ಲಿ ಹೊಗೆ ಶುದ್ಧಿ ಮಾಡುವ ಡಬ್ಬಿಯೊಂದಿದೆ. ಹಸಿ ಪೆಟ್ರೋಲು ಅಲ್ಲಿಗೆ ಹೋಗಿ ಉರಿದರೆ ಡಬ್ಬಿ ಕೆಂಪಗೆ ಕಾದು ಹಾಳಾಗುತ್ತದೆ. ಆದ್ದರಿಂದ ದೀಪ ಮಿಣುಕಿದ ತಕ್ಷಣ ಕಾಲು ಹಗುರ ಮಾಡಿ ಪಕ್ಕಕ್ಕೆ ನಿಲ್ಲಿಸಬೇಕು. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಇಪ್ಪತ್ತು ಮೈಲಿ ಓಡಿಸಿಕೊಂಡು ಬಂದು, "ಈಗ ತಾನೇ ಶುರುವಾಯ್ತು" ಅನ್ನುತ್ತಾರೆ.

ನನ್ನ ಮೊದಲ ಮಿಣುಕು ದೀಪ ಬಂದದ್ದು ಕೆಲಸಕ್ಕೆ ಸೇರಿದ ವರ್ಷವೇ. ಊರಾಚೆ ದ್ರಾಕ್ಷಿ ತೋಟವಿದ್ದ ಲಿಂಡಾ ಎಂಬುವವಳ ಗಾಡಿ. ಹುಬ್ಬಳ್ಳಿಯಲ್ಲಿ ನಾನು ಇಂಜಿನಿಗೆ ಕಿವಿ ಕೊಟ್ಟು ರೋಗ ಹೇಳುತ್ತಿದ್ದವನು. ಇಲ್ಲಿ ಮ್ಯಾನಿ ನನ್ನ ಕೈಗೆ ಸ್ಕ್ಯಾನರು ಕೊಟ್ಟ. ಸ್ಟಿಯರಿಂಗ್ ಕೆಳಗೆ ಚುಚ್ಚಿದರೆ ಸಾಕು, ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದು ತಾನೇ ಹೇಳುತ್ತದೆ. ಇನ್ನೇನು ಬೇಕು? ಎರಡನೆಯದರ ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ದೀಪ ಮಿಣುಕಿತು. ಪ್ಲಗ್ಗಿನ ಮೇಲೆ ಕೂರುವ, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಾಯಿಸಿದೆ. ಮಿಣುಕಿತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹೊಸದು ಹಾಕಿದೆ. ಆಗಲೂ ಮಿಣುಕಿತು. ಮೂರು ದಿನ ಹೋಯಿತು. ಮೂರೂ ದಿನ ನನ್ನ ಊಟದ ಡಬ್ಬಿಯ ಜೋಳದ ರೊಟ್ಟಿ ಒಂದೊಂದು ಕಡಿಮೆಯಾಗುತ್ತಿತ್ತು. ಮ್ಯಾನಿಯೇ ತಿನ್ನುತ್ತಿದ್ದಾನೆ, ಮಾಲೀಕನಿಗೆ ಏನು ಹೇಳುವುದು ಎಂದು ಸುಮ್ಮನಿದ್ದೆ.

ನಾಲ್ಕನೇ ದಿನ ಮ್ಯಾನಿ ಬಂದು, ಸ್ಕ್ಯಾನರನ್ನು ಪಕ್ಕಕ್ಕಿಟ್ಟು, ಟಾರ್ಚ್ ಹಿಡಿದು ಇಂಜಿನಿನ ಹಿಂಬದಿಗೆ ಬಗ್ಗಿ ನೋಡಿದ. ಆಮೇಲೆ, "ಗುರು, ಇಲ್ಲಿ ಬಾ. ಈ ಬಿಳಿ ಚೂರು ಏನು?" ಎಂದ.

ಅಲ್ಲಿ ಒಣಗಿದ ದ್ರಾಕ್ಷಿ ಬಳ್ಳಿಯಿಂದ ಕಟ್ಟಿದ ಒಂದು ಬೆಚ್ಚನೆಯ ಗೂಡಿತ್ತು. ಗೂಡಿನಲ್ಲಿ ಅರ್ಧ ಅಕ್ರೋಟು ಕಾಯಿ, ಪಕ್ಕದಲ್ಲಿ ಕಚ್ಚಿ ತುಂಡಾಗುವ ಸ್ಥಿತಿಯಲ್ಲಿದ್ದ ಎರಡನೇ ಇಂಜೆಕ್ಟರಿನ ವೈರು, ಅದರ ಮೇಲೆ ನನ್ನ ಜೋಳದ ರೊಟ್ಟಿ.

"ನೀನು ರಿಪೇರಿ ಮಾಡಿಲ್ಲ, ಮೂರು ದಿನ ಇಲಿ ಸಾಕಿದ್ದೀಯ" ಎಂದ ಮ್ಯಾನಿ. ವೈರು ಜೋಡಿಸಲು ಕಾಲು ಗಂಟೆ ಹಿಡಿಯಿತು. ಯಂತ್ರ ಯಾವ ಸಿಲಿಂಡರಿಗೆ ನೋವು ಎಂದು ಹೇಳುತ್ತದೆ, ಯಾಕೆ ನೋವು ಎಂಬುದನ್ನು ನಾವೇ ಕಣ್ಣು ಹಾಕಿ ನೋಡಬೇಕು. ಸೌಜನ್ಯ, ನಿನ್ನ ಕೈಗೂ ಸ್ಕ್ಯಾನರು ಕೊಟ್ಟಿರುತ್ತಾರೆ. ಟಾರ್ಚನ್ನೂ ಕೇಳಿ ಇಸಿದುಕೊ.

ಆಮೇಲೆ ನೂರಾರು ಗಾಡಿ ನೋಡಿದೆ. ಮ್ಯಾನಿ ವಯಸ್ಸಾಯಿತೆಂದು ಕೆಲಸ ಬಿಟ್ಟು ಮನೆ ಸೇರಿದ, ಗ್ಯಾರೇಜು ಹೆಚ್ಚುಕಡಿಮೆ ನನ್ನ ಕೈಗೆ ಬಂತು. ಇನ್ನು ನನ್ನನ್ನು ಯಾವ ಗಾಡಿಯೂ ಏಮಾರಿಸಲಾರದು ಎಂಬ ಜಂಬ ಬಂದಿದ್ದಾಗ ಶ್ರೀನಿಧಿ ಬಂದ.

ಶ್ರೀನಿಧಿ ಮೈಸೂರಿನ ಹುಡುಗ. ದೂರದ ಮೌಂಟನ್ ವ್ಯೂ ಊರಿನಲ್ಲಿ ಕೆಲಸ, ಮನೆ ನಮ್ಮ ಲಿವರ್‌ಮೋರಿನಲ್ಲೇ. ಅವನು ಕಂಪನಿ ಬಸ್ಸಿನಲ್ಲಿ ಓಡಾಡುತ್ತಿದ್ದ. ಕಾರನ್ನು ಅವನ ಹೆಂಡತಿ ಕಾವ್ಯ ಮಗುವಿನ ಡೇಕೇರಿಗೆ, ಗ್ರೋಸರಿಗೆ ಎಂದು ಊರೊಳಗೇ ಓಡಿಸುತ್ತಿದ್ದಳು. ಅವತ್ತು ಅವನ ಜೊತೆಯಲ್ಲಿ ತಾಯಿ ರಾಜಮ್ಮನವರೂ ಬಂದಿದ್ದರು. ಅವನು ಕಾರಿನಲ್ಲಿ ಬಂದ, ಆಕೆ ಅರ್ಧ ಮೈಲಿ ನಡೆದುಕೊಂಡು ಬಂದರು.

"ಅಂಕಲ್, ಒಂದು ವಿಚಿತ್ರ ಪ್ರಾಬ್ಲಮ್ಮು" ಎಂದ ಶ್ರೀನಿಧಿ. "ಚೆಕ್ ಇಂಜಿನ್ ಲೈಟು ಬ್ಲಿಂಕ್ ಆಗತ್ತೆ. ಆದ್ರೆ ಅಮ್ಮ ಕಾರಲ್ಲಿದ್ದಾಗ ಮಾತ್ರ."

ನಾನು ನಕ್ಕೆ. ಅವನೂ ನಕ್ಕ. ರಾಜಮ್ಮನವರು ನಗಲಿಲ್ಲ.

"ಪೂರ್ತಿ ಹೇಳೋ" ಎಂದರು. "ನಾನು ಬಂದ ಮೇಲೆ ನಾಲ್ಕು ಶನಿವಾರ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿದೀವಿ. ನಾಲ್ಕೂ ಸಲ ಆ ದೀಪ ಬಂತು. ಕಾರು ಗಡಗಡ ಅಂತು. ನಾನಿಲ್ಲದೆ ಕಾವ್ಯ ದಿನಾ ಓಡಿಸ್ತಾಳೆ, ಒಂದ್ಸಲಾನೂ ಬಂದಿಲ್ಲ. ಇದರಲ್ಲಿ ಸುಳ್ಳೇನಾದ್ರೂ ಇದೆಯಾ?"

ಮಗ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಗೊತ್ತಾಯಿತು, ಆಕೆ ಮೂವತ್ತು ವರ್ಷ ಮೈಸೂರಿನ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವರು. ಅರ್ಧ ವಾಕ್ಯ ಬಿಟ್ಟರೂ ಹಿಡಿಯುತ್ತಿದ್ದರು.

"ಗಾಡಿ ನಡಸೂದು ಇಂಜಿನ್ರೀ ಅವ್ವಾರ, ಅದಕ್ಕ ಯಾರ್ ಕೂತಾರಂತ ಗೊತ್ತಾಗೂದಿಲ್ಲ" ಎಂದೆ.

"ನಿಮಗೆ ಗೊತ್ತಿಲ್ಲ ಬಿಡಿ. ನಾನು ಮದುವೆಯಾಗಿ ಬಂದ ವರ್ಷ ಮಾವನವರ ಅಂಗಡಿಗೆ ಬೆಂಕಿ ಬಿತ್ತು. ಇವಳ ಕಾಲ್ಗುಣ ಅಂದ್ರು. ಯಜಮಾನರು ಹೋದಾಗಲೂ ಯಾರೋ ಅದನ್ನೇ ಅಂದ್ರು. ಜನ ಅಂದಿದ್ದನ್ನ ಇಷ್ಟು ವರ್ಷ ನುಂಗಿಕೊಂಡೆ. ಈಗ ಅಮೆರಿಕಾದ ಕಾರೂ ಅನ್ನತ್ತೆ."

ತಮಾಷೆಯಾಗಿಯೇ ಹೇಳಿದರು. ಆದರೆ ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದರು. ನನಗೆ ಆಗಲೇ ಅರ್ಥವಾಗಬೇಕಿತ್ತು.

ನಾನು ಕಸುಬಿನವನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದೆ. "ಅಮ್ಮಾರು ಬರೂದಕ್ಕಿಂತ ಮೊದ್ಲ ದೇವಸ್ಥಾನಕ್ಕ ಹೋಗ್ತಿದ್ರೇನು? ಆವಾಗ ದೀಪ ಬರ್ತಿತ್ತೇನು?"

ಶ್ರೀನಿಧಿ ಒಂದು ಕ್ಷಣ ತಾಯಿಯ ಕಡೆ ನೋಡಿದ. "ಹೂಂ, ಪ್ರತಿ ಶನಿವಾರ ಹೋಗ್ತೀವಲ್ಲ. ಆಗ ಬರ್ತಿರಲಿಲ್ಲ."

ಅಲ್ಲಿಗೆ ನಾನು ಗುಡ್ಡವನ್ನು ಮನಸ್ಸಿನಿಂದ ತೆಗೆದುಹಾಕಿದೆ.

ಸ್ಕ್ಯಾನರು ಮೂರನೇ ಸಿಲಿಂಡರು ಎಂದಿತು. ಟಾರ್ಚ್ ಹಿಡಿದು ನೋಡಿದೆ, ಇಲಿ ಇಲ್ಲ, ಗೂಡಿಲ್ಲ, ವೈರು ಕಡಿದಿಲ್ಲ. ಊರೆಲ್ಲ ಸುತ್ತಿಸಿದೆ, ಇಂಜಿನ್ ರೇಷ್ಮೆಯ ಹಾಗೆ ಓಡಿತು. ಹಾಗಾದರೆ ಹಿಂದಿನ ಸೀಟಿನಲ್ಲಿ ಭಾರ ಬಿದ್ದಾಗ ಅಡಿಯಲ್ಲಿ ಯಾವುದೋ ವೈರು ಒತ್ತುತ್ತಿರಬಹುದೆ? ತರ್ಕ ಸರಿಯಾಗಿಯೇ ಇತ್ತು. ಪರೀಕ್ಷೆ ಮಾಡಬೇಕಿತ್ತು. ಫೋನು ಮಾಡಿ ರಾಜಮ್ಮನವರ ತೂಕ ಕೇಳಿದೆ.

"ಯಾಕೆ?" ಎಂದರು.

"ರಿಪೇರಿಗ್ರೀ."

ಅರವತ್ತು ಕಿಲೋ ಎಂದರು. ಇಂಡಿಯನ್ ಅಂಗಡಿಯಿಂದ ಇಪ್ಪತ್ತು ಪೌಂಡಿನ ಆರು ಅಕ್ಕಿ ಚೀಲ, ಮೇಲೆ ಹತ್ತು ಪೌಂಡು ತೊಗರಿಬೇಳೆ ತಂದು ಆಕೆ ಕೂರುವ ಜಾಗದಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿದೆ. ದ್ರಾಕ್ಷಿ ತೋಟಗಳ ನಡುವಿನ ಸಪಾಟು ರಸ್ತೆಯಲ್ಲಿ ಒಂದು ಗಂಟೆ ಓಡಿಸಿದೆ. ದೀಪ ಬರಲಿಲ್ಲ. ಶ್ರೀನಿಧಿಗೆ ಫೋನು ಮಾಡಿ ಪ್ರಾಮಾಣಿಕವಾಗಿ ವರದಿ ಒಪ್ಪಿಸಿದೆ.

"ಅಮ್ಮಾರಷ್ಟ ತೂಕದ ಅಕ್ಕಿ ಕೂರಿಸಿದ್ದೆರಿ. ಅಕ್ಕಿಗೆ ದೀಪ ಬರಲಿಲ್ಲ."

ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ರಾಜಮ್ಮನವರ ದನಿ ಶಾಂತವಾಗಿ ಬಂತು. "ಕೇಳಿಸ್ಕೊಂಡ್ಯಾ? ಅಕ್ಕಿಗೆ ಬರಲ್ಲ. ನನಗೆ ಬರತ್ತೆ."

ಸಂಜೆ ಶ್ರೀನಿಧಿ ಮತ್ತೆ ಫೋನು ಮಾಡಿದ. ದನಿ ಸಣ್ಣದಾಗಿತ್ತು. "ಅಂಕಲ್, ಆರು ತಿಂಗಳಿಗೆ ಅಂತ ಬಂದವಳು ಟಿಕೆಟ್ಟು ಬದಲಾಯ್ಸು, ಮುಂದಿನ ವಾರವೇ ಹೋಗ್ತೀನಿ ಅಂತಿದಾಳೆ. ಮಗು ಇರೋ ಕಾರಲ್ಲಿ ನಾನು ಕೂರಲ್ಲ, ಏರ್‌ಪೋರ್ಟಿಗೂ ಟ್ಯಾಕ್ಸೀಲೇ ಹೋಗ್ತೀನಿ ಅಂತಾಳೆ. ಏನಾದ್ರೂ ಮಾಡಿ."

ಊಟಕ್ಕೆ ಕೂತಾಗ ಶಾಂತಾಗೆ ಎಲ್ಲ ಹೇಳಿದೆ. ಅವಳು ಸಾರು ಬಡಿಸುವ ಸೌಟನ್ನು ಅಲ್ಲೇ ಬಿಟ್ಟಳು.

"ಗಂಡನ್ನ ಕಳಕೊಂಡ ಹೆಣ್ಮಗಳನ್ನ ಅಕ್ಕಿ ಚೀಲದ ಜೋಡಿ ತೂಗಿ ನೋಡೀರಿ. ಮ್ಯಾಲೆ ಬ್ಯಾಳಿ ಬ್ಯಾರೆ."

"ಪರೀಕ್ಷಾ ಮಾಡಬೇಕಲ್ಲ?"

"ಆ ಹುಡುಗ ಹೇಳಿದ್ದು ಖರೇ ಅಂತ ಯಾರ್ ಹೇಳಿದ್ರು ನಿಮಗ? ನಮ್ಮ ದವಾಖಾನ್ಯಾಗ ಸಿಗರೇಟ್ ಸೇದ್ತೀರೇನು ಅಂದ್ರ ಎಲ್ಲಾರೂ ಇಲ್ಲ ಅಂತಾರ. ಅದ್ರಾಗೂ ಅವ್ವ ಬಾಜೂಕ ಕೂತಿದ್ರಂತೂ ಮುಗದ ಹೋತು. ಅದಕ್ಕ ನಾವು ಎಕ್ಸ್‌ರೇ ತಗೀತೀವಿ."

ರೊಟ್ಟಿಯ ತುತ್ತು ನನ್ನ ಕೈಯಲ್ಲೇ ಉಳಿಯಿತು. ಎಕ್ಸ್‌ರೇ ನನ್ನ ಹತ್ತಿರವೂ ಇತ್ತು, ನಾನೇ ನೋಡಿರಲಿಲ್ಲ. ದೋಷ ಕಂಡ ಕ್ಷಣದಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಇಂಜಿನಿನ ಮೇಲೆ ಎಷ್ಟು ಹೊರೆ ಬಿದ್ದಿತ್ತು ಎಂಬುದನ್ನೆಲ್ಲ ಕಾರಿನ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ಹೊಸಬರಿಗೆಲ್ಲ ಅದನ್ನು ಓದಿ ಎಂದು ಪಾಠ ಹೇಳುತ್ತಿದ್ದವನು ನಾನೇ. ನಮ್ಮ ಕನ್ನಡದವನ ಮಾತು ನಂಬಿ ಅದನ್ನು ತೆರೆದಿರಲೇ ಇಲ್ಲ.

ಬೆಳಿಗ್ಗೆ ಹೋಗಿ ತೆರೆದೆ. ವೇಗ ಮೂವತ್ತು ಮೈಲಿ ಚಿಲ್ಲರೆ, ಆದರೆ ಇಂಜಿನಿನ ಮೇಲಿನ ಹೊರೆ ಹೆಚ್ಚುಕಡಿಮೆ ಪೂರ್ತಿ. ಸಪಾಟು ರಸ್ತೆಯಲ್ಲಿ ಇದು ಆಗದ ಮಾತು. ಇದು ಏರು. ಅಕ್ಕಿ, ಬೇಳೆ ಎಲ್ಲವನ್ನೂ ಇಳಿಸಿ ನಾನೊಬ್ಬನೇ ದೇವಸ್ಥಾನದ ಗುಡ್ಡ ಹತ್ತಿದೆ. ಎರಡನೇ ತಿರುವು ದಾಟಿ ಆಕ್ಸಿಲರೇಟರ್ ಒತ್ತಿದೆನೋ ಇಲ್ಲವೋ, ಗಾಡಿ ಗಡಗಡ ಎಂದಿತು, ದೀಪ ಮಿಣುಕಿತು. ಪಕ್ಕಕ್ಕೆ ನಿಲ್ಲಿಸಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಆ ದೀಪ ಕಂಡು ಅಷ್ಟು ಸಂತೋಷಪಟ್ಟವನು ಕ್ಯಾಲಿಫೋರ್ನಿಯಾದಲ್ಲಿ ನಾನೊಬ್ಬನೇ ಇರಬೇಕು.

ಅಲ್ಲೇ ಬಾನೆಟ್ ಎತ್ತಿ ಮೂರನೇ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿದೆ. ಹತ್ತು ಮಾರು ಏರಿಸಿದೆ. ಈ ಸಲ ಸ್ಕ್ಯಾನರು ಒಂದನೇ ಸಿಲಿಂಡರು ಎಂದಿತು. ಕಾಯಿಲ್ ಹೋದಲ್ಲಿಗೆ ರೋಗವೂ ಹೋಗಿತ್ತು. ಗ್ಯಾರೇಜಿಗೆ ತಂದು ಬಿಚ್ಚಿ ನೋಡಿದರೆ ಕಾಯಿಲಿನ ಮೈಮೇಲೆ ಕೂದಲೆಳೆಯಂಥ ಬಿರುಕು. ಸುಮ್ಮನೆ ಓಡುವಾಗ ಕಿಡಿ ನೆಟ್ಟಗೆ ಹೋಗುತ್ತದೆ, ಏರಿನಲ್ಲಿ ಜೋರು ಬೇಕಾದಾಗ ಬಿರುಕಿನಿಂದ ಸೋರಿಹೋಗುತ್ತದೆ. ಹೊಸ ಕಾಯಿಲ್, ಜೊತೆಗೆ ನಾಲ್ಕು ಹೊಸ ಪ್ಲಗ್ಗು ಹಾಕಿ ಶ್ರೀನಿಧಿಯನ್ನು ಕರೆಸಿದೆ. ತಾಯಿಯನ್ನೂ ಕರೆದುಕೊಂಡು ಬಾ ಎಂದೆ. ಆಕೆ ಮತ್ತೆ ನಡೆದೇ ಬಂದರು. ಆಕೆ ತಲುಪುವ ಮುಂಚೆ ಅವನನ್ನು ಒಳಗೆ ಕರೆದೆ.

"ತಮ್ಮಾ, ನಾನೊಬ್ಬನ ಗುಡ್ಡ ಹತ್ತಿದೆ, ದೀಪ ಬಂತು. ನೀ ಪ್ರತಿ ಶನಿವಾರ ಹತ್ತಿದ್ರೂ ಬರಲಿಲ್ಲ ಅಂದಿ. ಕಾರು ಸುಳ್ಳು ಹೇಳೇತೋ, ನೀ ಹೇಳೀಯೋ?"

ಅವನ ಮುಖ ಕೆಂಪಾಯಿತು. "ಅಮ್ಮಂಗೆ ಹೇಳ್ಬೇಡಿ ಅಂಕಲ್, ಪ್ಲೀಸ್. ಫೋನಲ್ಲಿ ವಾರ ವಾರ ಕೇಳ್ತಾಳೆ, ಹೋಗಿದ್ದೆ ಅಂತೀನಿ. ಎರಡು ವರ್ಷದಿಂದ ಹೇಳ್ತಾ ಬಂದ್ಬಿಟ್ಟಿದೀನಿ. ಈ ಕಾರು ತಗೊಂಡ ಮೇಲೆ ಅವಳು ಬರೋವರೆಗೂ ಒಂದ್ಸಲಾನೂ ಹೋಗಿಲ್ಲ."

"ದೀಪ ನಾ ಆರಿಸೇನಿ. ಅವ್ವನ ಮನಸಿನ್ಯಾಗಿಂದು ನೀನ ಆರಿಸಬೇಕು."

ರಾಜಮ್ಮನವರನ್ನು ಕಾರಿಗೆ ಹತ್ತಿಸಲು ಹತ್ತು ನಿಮಿಷ ಬೇಕಾಯಿತು. ಕೊನೆಗೆ, "ಅವ್ವಾರ, ಸಾಕ್ಷಿ ಇಲ್ಲದ ನಾ ರಿಪೇರಿ ಆಗೇತಿ ಅಂದ್ರ ನೀವು ನಂಬ್ತೀರೇನು?" ಎಂದೆ. ಆ ಮಾತು ನಾಟಿತು. ಮುಂದಿನ ಸೀಟಿನಲ್ಲಿ ಕೂತರು. ಮಗ ಓಡಿಸಿದ, ನಾನು ಸ್ಕ್ಯಾನರು ಹಿಡಿದು ಹಿಂದೆ. ಗುಡ್ಡ ಬಂತು. ಒಂದನೇ ತಿರುವು, ಎರಡನೇ ತಿರುವು. ರಾಜಮ್ಮನವರು ದೀಪದ ಜಾಗದ ಮೇಲಿಂದ ಕಣ್ಣು ತೆಗೆಯಲಿಲ್ಲ. ದೀಪ ಬರಲಿಲ್ಲ. ಅವರು ಉಸಿರು ಬಿಟ್ಟದ್ದು ನನಗೆ ಹಿಂದಕ್ಕೆ ಕೇಳಿಸಿತು.

ಒಡೆದ ಕಾಯಿಲನ್ನು ಅವರ ಕೈಗೆ ಕೊಟ್ಟು ಬಿರುಕು ತೋರಿಸಿದೆ. ಏರಿನಲ್ಲಿ ಮಾತ್ರ ಕಿಡಿ ಸೋರುತ್ತಿತ್ತು, ಯಾರು ಕೂತರೂ ಅಷ್ಟೇ, ನಾನೊಬ್ಬನೇ ಬಂದಾಗಲೂ ಬಂತು ಎಂದು ವಿವರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ಗುಡ್ಡ ಹತ್ತಿದಾಗ ಯಾರಿದ್ರೂ ಬರತ್ತೆ."

"ಹೌದ್ರಿ."

"ಈ ಬಿರುಕು ಹಳೇದಾ, ಹೊಸದಾ?"

"ಈಗಿಂದಲ್ರಿ" ಎಂದುಬಿಟ್ಟೆ. ಕನ್ನಡಿಯಲ್ಲಿ ಶ್ರೀನಿಧಿಯ ಕಣ್ಣು ನನ್ನನ್ನು ಸುಟ್ಟಿತು.

ರಾಜಮ್ಮನವರು ಮಗನ ಕಡೆ ತಿರುಗಿದರು. "ನಾನು ಬರೋಕ್ಕೆ ಮುಂಚೆ ನೀನು ಪ್ರತಿ ಶನಿವಾರ ಈ ಗುಡ್ಡ ಹತ್ತುತಿದ್ದೆ. ಇದೇ ಕಾರಲ್ಲಿ. ಹೌದೋ ಅಲ್ವೋ?"

"ಅಮ್ಮಾ, ಅದು..."

"ಹೌದೋ ಅಲ್ವೋ ಅಷ್ಟೇ ಹೇಳು."

ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. "ಅಲ್ಲ. ಹೋಗ್ತಾನೇ ಇರಲಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಸುಳ್ಳು ಹೇಳ್ದೆ. ಆ ಸುಳ್ಳಿಂದ ನಿನ್ನ ಮೇಲೆ ಬಂತು. ತಪ್ಪಾಯ್ತಮ್ಮ."

ನಾನು ಸ್ಕ್ಯಾನರಿನಲ್ಲಿ ಏನೋ ಓದುವವನಂತೆ ತಲೆ ತಗ್ಗಿಸಿದೆ. ಅಲ್ಲಿ ಓದಲು ಏನೂ ಇರಲಿಲ್ಲ.

"ವಾರ ವಾರ ಹೋಗ್ತೀನಿ ಅಂದ್ಯಲ್ಲ ಅಂತ, ನಿನ್ನ ಸಂತೋಷಕ್ಕೆ ನಾನೂ ಹೊರಟೆ ಕಣೋ" ಎಂದರು ರಾಜಮ್ಮನವರು. "ಮಂಡಿನೋವಿಟ್ಕೊಂಡು. ಮೈಸೂರಲ್ಲಿ ಮನೆ ಎದುರಿಗೇ ದೇವಸ್ಥಾನ ಇದೆ. ತಿಂಗಳಿಗೊಂದ್ಸಲ ಹೋದ್ರೆ ಹೆಚ್ಚು ನಾನು."

ಶ್ರೀನಿಧಿ ಸ್ಟಿಯರಿಂಗಿಗೆ ಹಣೆ ಹಚ್ಚಿ ನಗತೊಡಗಿದ. ಹಾರ್ನು ಒತ್ತಿಹೋಗಿ ಕೂಗಿತು, ಮೂವರೂ ಬೆಚ್ಚಿಬಿದ್ದೆವು. ಆಗ ರಾಜಮ್ಮನವರೂ ನಕ್ಕರು. ನಕ್ಕು ಕಣ್ಣೊರೆಸಿಕೊಂಡರು.

"ಹಾಗಾದ್ರೆ ವಾಪಸ್ ಹೋಗೋಣ್ವಾ?" ಎಂದ ಅವನು.

"ಇಲ್ಲಿವರೆಗೂ ಬಂದು ವಾಪಸ್ ಹೋಗ್ತಾರೇನೋ? ಒಳಗೆ ಹೋಗಿ ತಪ್ಪು ಕಾಣಿಕೆ ಹಾಕಿ ಬಾ. ಇಬ್ಬರದೂ ಹಾಕು. ಎರಡು ವರ್ಷದ್ದು, ಹನ್ನೊಂದು ಪ್ರದಕ್ಷಿಣೆ. ನಾನಿಲ್ಲೇ ಕೂತಿರ್ತೀನಿ."

ಮೇಲೆ ಹೋಗಿ ದೇವಸ್ಥಾನದ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವನು ಬೂಟು ಬಿಚ್ಚಿಟ್ಟು ಓಡಿದ. ಕಾರಿನಲ್ಲಿ ನಾವಿಬ್ಬರೇ ಉಳಿದೆವು. ಗಾಜಿನಾಚೆ ಅವನು ಪ್ರತಿ ಸುತ್ತು ಮುಗಿಸಿದಾಗಲೂ ನಮ್ಮ ಕಡೆ ನೋಡಿ ಬೆರಳು ಮಡಿಸಿ ತೋರಿಸುತ್ತಿದ್ದ.

"ಊರಿಗೆ ಹೋಗೂದು ಖರೇನ್ರೀ ಅವ್ವಾರ?" ಎಂದು ಕೇಳಿದೆ.

"ಇಲ್ಲ. ಮೊಮ್ಮಗಳಿಗೆ ಇನ್ನೂ ಕನ್ನಡದಲ್ಲಿ ನೂರರವರೆಗೆ ಎಣಿಸೋಕ್ಕೆ ಬರಲ್ಲ, ಎಲ್ಲಿ ಹೋಗ್ಲಿ?" ಎಂದರು. "ಟಿಕೆಟ್ ಬದಲಾಯಿಸಬೇಡ ಅಂತ ಅವನಿಗೆ ಹೇಳ್ಬೇಕು."

ನಾನು ಕರೆಯಲೆಂದು ಬಾಗಿಲಿಗೆ ಕೈ ಹಾಕಿದೆ. ಅವರು ನನ್ನ ತೋಳು ಹಿಡಿದು ತಡೆದರು.

"ಈಗಲೇ ಕರೀಬೇಡಿ. ಇನ್ನೂ ಏಳನೇ ಸುತ್ತಲ್ಲಿದಾನೆ. ಮುಗಿಸ್ಲಿ."